ಹಳೆಯ ಮನೆ, ಹೊಸ ಮಕ್ಕಳು



ಈ ಸಂಜೆ ನಾನು ಮಾತನಾಡಲಿರುವುದು ಒಂದು ಬಗೆಯ ಮಕ್ಕಳ ಕಾದಂಬರಿಯನ್ನು ಕುರಿತು. ಅದರ ಕಥೆ ನಿಮಗೆ ತೀರ ಹೊಸದಲ್ಲ. ತಂದೆಗೆ ವರ್ಗವಾಗುತ್ತದೆ. ಮನೆಯವರೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಅರಿಯದ ಊರಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಸಿಕ್ಕುವುದು ಬಹುಕಾಲದಿಂದ ಬೀಗ ಹಾಕಿದ್ದ ಒಂದು ದೊಡ್ಡ ಹಳೆಯ ಮನೆ. ಬಾಡಿಗೆ ಕಡಮೆ. ಏತಕ್ಕೆ ಕಡಮೆಯೆಂದು ಯಾರೂ ಬಾಯಿಬಿಟ್ಟು ಹೇಳರು. ಮೊದಲನೆಯ ರಾತ್ರಿಯೇ ಅಟ್ಟದ ಮೇಲೆ ಹೆಜ್ಜೆಯ ಸಪ್ಪಳವಾಗುತ್ತದೆ. ದೊಡ್ಡವರು ಇಲಿಯೆಂದು ಹೇಳಿ ಮಗ್ಗುಲು ಬದಲಿಸುತ್ತಾರೆ. ಮಕ್ಕಳಿಗೆ ನಿದ್ದೆ ಬಾರದು.

ಇಂತಹ ಕಥೆಯನ್ನು ಹೇಳಲು ಬಾನುಲಿಗಿಂತ ತಕ್ಕ ಸ್ಥಳವಿಲ್ಲವೆಂದು ನನ್ನ ನಂಬಿಕೆ. ಕತ್ತಲೆಯ ಮನೆಯಲ್ಲಿ ಕಣ್ಣಿಗಿಂತ ಮೊದಲು ಕೆಲಸ ಮಾಡುವುದು ಕಿವಿ. ಇಲ್ಲಿಯೂ ಹಾಗೆಯೇ. ಬಾನುಲಿಯಾದರೂ ನಮ್ಮ ನಾಡಿನಲ್ಲಿ ಹುಟ್ಟಿದ್ದು ಒಂದು ಮನೆಯೊಳಗೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ವಿಠಲ ವಿಹಾರವೆಂಬ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ, ಊರ ಜನರ ಕಿವಿಗೆ ಮಾತನ್ನೂ ಸಂಗೀತವನ್ನೂ ಮುಟ್ಟಿಸಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಬಂದದ್ದು. ಗೋಡೆಯ ಆಚೆಯಿಂದ ಬರುವ ದನಿಯನ್ನು ಕೇಳಿ, ಯಾರದಿರಬಹುದೆಂದು ಯೋಚಿಸುವ ಸುಖವನ್ನು ಆ ದಿನಗಳ ಮಕ್ಕಳು ಎಷ್ಟು ಅನುಭವಿಸಿರಬೇಕು!

ಮೊದಲು ಈ ಬಗೆಯ ಕಥೆಗೆ ಮನೆ ಬದಲಾಯಿಸುವ ಪ್ರಸಂಗ ಏಕೆ ಬೇಕೆಂಬುದನ್ನು ನೋಡೋಣ. ಹುಟ್ಟಿದ ಮನೆ ಎಷ್ಟೇ ಹಳೆಯದಾದರೂ ಮಗುವಿಗೆ ಅದು ವಿಚಿತ್ರವಲ್ಲ. ಕತ್ತಲಲ್ಲಿಯೂ ಅದರ ಹೊಸ್ತಿಲು ಕಾಲಿಗೆ ಗೊತ್ತು. ಹೊಸ ಊರಿನ ಹಳೆಯ ಮನೆಯ ಸಂಗತಿ ಬೇರೆ. ಅಲ್ಲಿಗೆ ಹೋಗಬೇಕೆಂಬ ನಿರ್ಧಾರವನ್ನು ಮಾಡಿದವರು ಹಿರಿಯರು. ಗೆಳೆಯರನ್ನೂ ಶಾಲೆಯನ್ನೂ, ತಾನು ಹತ್ತಿ ಇಳಿದ ಸೀಬೆಯ ಮರವನ್ನೂ ಬಿಟ್ಟು ಗಾಡಿಯಲ್ಲಿ ಮೂಟೆಗಳ ನಡುವೆ ಮೂಟೆಯಾಗಿ ಕುಳಿತು ಬಂದ ಮಗುವನ್ನು ಆ ವಿಷಯದಲ್ಲಿ ಯಾರೂ ಒಂದು ಮಾತು ಕೇಳಿರುವುದಿಲ್ಲ. ಬಂದ ಮೇಲೆ ಆ ಮಗುವಿಗೆ ಒಂದು ಕೆಲಸ ಬೇಕು. ಆ ಮನೆಯಲ್ಲಿ ತನ್ನದೆಂಬ ಏನಾದರೂ ಒಂದು ಬೇಕು. ರಹಸ್ಯವು ಅದನ್ನು ಕೊಡುತ್ತದೆ.

ನಾನೂ ಅಂತಹ ಮನೆಗೆ ಬಂದವಳು.

ಆಗ ನನಗೆ ಒಂಬತ್ತು ವರ್ಷ. ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರಿಗೆ ವರ್ಗವಾದ ಊರು ದೊಡ್ಡಗದ್ದವಳ್ಳಿಯಿಂದ ಎರಡು ಮೈಲಿ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸು ನಮ್ಮನ್ನು ಇಳಿಸಿತು. ಅಲ್ಲಿಂದ ಎತ್ತಿನ ಗಾಡಿ. ಬೀದಿಗೆ ಮುಖ ಮಾಡಿದ ಉದ್ದನೆಯ ಜಗಲಿ, ಜಗಲಿಯಂಚಿನಲ್ಲಿ ಮುಟ್ಟಿ ಮುಟ್ಟಿ ನುಣುಪಾದ ಹಲಸಿನ ಕಂಬಗಳು, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ಒಳಗೆ ಹೆಜ್ಜೆಯಿಟ್ಟರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಪಡಸಾಲೆಯಿಂದ ಕವಲಾಗಿ ಒಂದರೊಳಗೊಂದು ಸೇರಿಕೊಂಡ ಕಿಟಕಿಯಿಲ್ಲದ ಕೋಣೆಗಳು, ಮೇಲೆ ಉದ್ದಗಲಕ್ಕೂ ಹಲಗೆಯ ಅಟ್ಟ, ಹಿಂದೆ ಕೊಟ್ಟಿಗೆ, ಬಚ್ಚಲುಮನೆ, ಕಲ್ಲು ಕಟ್ಟಿದ ಬಾವಿ: ಹೀಗಿತ್ತು ಆ ಮನೆ. ಅಂತಹ ತೊಟ್ಟಿಮನೆಗಳು ಈ ಸೀಮೆಯಲ್ಲಿ ಹಿಂದೆ ಊರಿಗೆ ನಾಲ್ಕಾರು ಇದ್ದುವು. ಮನೆಯ ಯಜಮಾನರು ಪಟ್ಟಣದಲ್ಲಿದ್ದರು. ನಾವು ಐದು ಮಂದಿ ಅದರ ಒಂದು ಮೂಲೆಗೆ ಸಾಲದಾದೆವು.

ಮೊದಲ ರಾತ್ರಿ ಸಪ್ಪಳ ಕೇಳಿತು. ಟಪ್, ಟಪ್, ಟಪ್, ಆಮೇಲೆ ನಿಶ್ಶಬ್ದ. ಮತ್ತೆ ಇನ್ನೊಂದು ಮೂಲೆಯಿಂದ. ಇಲಿಯದು ಅಷ್ಟು ಭಾರದ ಹೆಜ್ಜೆಯಲ್ಲವೆಂದು ನನಗೂ ತಿಳಿಯುತ್ತಿತ್ತು. ಇದಕ್ಕಿಂತ ಆಶ್ಚರ್ಯವೆಂದರೆ ವಾಸನೆ. ಒಲೆ ಆರಿ ಗಂಟೆಗಳು ಕಳೆದಿದ್ದುವು. ಆದರೂ ಅಟ್ಟದಿಂದ ಸಣ್ಣಕ್ಕಿಯ ಅನ್ನವನ್ನು ಆಗತಾನೇ ಬಸಿದಂತೆ ಘಮಘಮಿಸುವ ಒಂದು ಗಾಳಿ ಇಳಿದು ಬಂತು. ನಮ್ಮ ಮನೆಯಲ್ಲಿ ಆ ದಿನ ಮಾಡಿದ್ದು ರಾಗಿಯ ಮುದ್ದೆ. ಮೇಲೆ ಅನ್ನ ಮಾಡುತ್ತಿರುವವರು ಯಾರು?

ಬೆಳಗ್ಗೆ ಪಕ್ಕದ ಮನೆಯ ದೊಡ್ಡಮ್ಮನನ್ನು ಕೇಳಿದೆ. ಅವರಿಗೆ ಎಪ್ಪತ್ತರ ಮೇಲೆ ವಯಸ್ಸು. ಮೊರದಲ್ಲಿ ಹುರುಳಿ ಕೇರುತ್ತ ಕುಳಿತಿದ್ದರು.

"ದೊಡ್ಡಮ್ಮ, ನಮ್ಮನೆ ಅಟ್ಟದ ಮೇಲೆ ಯಾರೋ ಓಡಾಡ್ತಾರೆ."

"ಓಡಾಡ್ಲಿ ಬಿಡು ಮಗಾ. ನೀವು ನಿನ್ನೆ ಬಂದೋರು. ಅವರು ಮೊದ್ಲಿಂದ್ಲೂ ಇರೋರು."

ಅಷ್ಟೇ. ಕೈ ನಿಲ್ಲಲಿಲ್ಲ, ನಗಲೂ ಇಲ್ಲ. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ನನ್ನಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಧೈರ್ಯ ಕಡಮೆ, ಯೋಚನೆ ಹೆಚ್ಚು. ಅವನು ಒಲೆಯ ಬೂದಿಯನ್ನು ಜರಡಿ ಹಿಡಿದು, ಹಗಲು ಹೊತ್ತಿನಲ್ಲಿ ಏಣಿ ಹತ್ತಿ, ಅಟ್ಟದ ಹಲಗೆಗಳ ಮೇಲೆ ತೆಳ್ಳಗೆ ಉದುರಿಸಿ ಬಂದ. ಮರುದಿನ ಬೂದಿಯ ಮೇಲೆ ಹೆಜ್ಜೆಗಳಿದ್ದುವು. ಪುಟ್ಟ ಹೆಜ್ಜೆಗಳು, ಒಂದೊಂದಕ್ಕೂ ಐದು ಬೆರಳು. ಮೂಲೆಯಲ್ಲಿ ಹಿಕ್ಕೆಯ ಗುಡ್ಡೆ. ಅದರಲ್ಲಿ ಈಚಲ ಬೀಜ, ಮತ್ತು ಜೀರ್ಣವಾಗದೆ ಉಳಿದ ಕಾಫಿಯ ಬೀಜ. ಮನೆಯ ಹೆಂಚು ಒಂದು ಕಡೆ ಸರಿದಿತ್ತು. ಬಂದು ಹೋಗುತ್ತಿದ್ದುದು ಮರಬೆಕ್ಕು. ಪುನುಗಿನ ಜಾತಿಗೆ ಸೇರಿದ ಆ ಪ್ರಾಣಿ ರಾತ್ರಿಯಲ್ಲಿ ಹಣ್ಣು ತಿನ್ನಲು ಹೊರಡುತ್ತದೆ, ಹಗಲು ಹಳೆಯ ಮನೆಗಳ ಅಟ್ಟದಲ್ಲಿ ಮಲಗುತ್ತದೆ. ಅದರ ಮೈಯ ಗಂಧ ಸುವಾಸನೆಯ ಅಕ್ಕಿಯ ಗಂಧವನ್ನೇ ಹೋಲುತ್ತದೆ. ಬಂಗಾಳದಲ್ಲಿಯೂ ಜನರು ಅದನ್ನು ಗಂಧದ ಹೆಸರಿನಿಂದಲೇ ಕರೆಯುತ್ತಾರೆ. 

ಕೇಳುಗರೆ, ಇದುವರೆಗೆ ಹೇಳಿದ್ದು ಇಷ್ಟು. ಮನೆ ಬದಲಾಯಿಸಿದ ಮಗುವಿಗೆ ರಹಸ್ಯವೊಂದು ಬೇಕಾಗುತ್ತದೆ. ಹಳೆಯ ಮನೆ ಅದನ್ನು ತಾನೇ ಒದಗಿಸುತ್ತದೆ. ನಮ್ಮ ಅಟ್ಟದ ರಹಸ್ಯವನ್ನೇನೋ ಬಿಡಿಸಿದೆವು. ಆದರೆ ಬಿಡಿಸಿದ ಮೇಲೆ ಮನೆ ಬರಿದಾಗಲಿಲ್ಲವೆಂಬುದನ್ನು ನೀವು ಗಮನಿಸಬೇಕು. ಭಯ ಹೋಯಿತು, ಅದರ ಜಾಗಕ್ಕೆ ಒಂದು ಪರಿಚಯ ಬಂತು. ಅಂದಿನಿಂದ ಸಪ್ಪಳ ಕೇಳಿದರೆ ನಾವು ‘ಅವರು ಹೊರಟರು’ ಎಂದುಕೊಂಡು ಮಲಗುತ್ತಿದ್ದೆವು. ಈ ಬಗೆಯ ಕಾದಂಬರಿಗಳಲ್ಲಿ ಉತ್ತಮವಾದುದು ಯಾವುದು, ಅಲ್ಲದುದು ಯಾವುದೆಂದು ಅಳೆಯಲು ನನ್ನಲ್ಲಿರುವ ಕೋಲು ಇದೊಂದೇ. ಕೊನೆಯ ಪುಟದಲ್ಲಿ ಮಗು ಆ ಮನೆಯವರಿಗೆ ಪರಿಚಿತವಾಯಿತೆ? ಆ ಮನೆಯವರೆಂದರೆ ಮೊದಲಿನಿಂದಲೂ ಇದ್ದವರು.

ಈಗ ಇಂಗ್ಲೆಂಡಿನ ಒಂದು ಮನೆಗೆ ಹೋಗಿ ಬರೋಣ. ಕೇಂಬ್ರಿಜ್ ಪಟ್ಟಣಕ್ಕೆ ಹತ್ತಿರದಲ್ಲಿ ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯಿದೆ. ಅಲ್ಲಿ ಹೊಳೆಯ ದಂಡೆಯಲ್ಲಿ ಒಂದು ಕಲ್ಲಿನ ಮನೆ. ಅದನ್ನು ಕಟ್ಟಿದ್ದು 1130ರ ಸುಮಾರಿಗೆ. ಅಂದರೆ ಅದಕ್ಕೆ ಹತ್ತಿರ ಹತ್ತಿರ 900 ವರ್ಷ. ಲೂಸಿ ಬಾಸ್ಟನ್ ಎಂಬ ಮಹಿಳೆ 1939ರಲ್ಲಿ ಅದನ್ನು ಕೊಂಡರು. ಅನಂತರದ ಕಾಲದಲ್ಲಿ ಹಚ್ಚಿದ್ದ ಗಾರೆಯನ್ನೂ ಅಡ್ಡಗೋಡೆಗಳನ್ನೂ ತೆಗೆಸಿ, ಒಳಗೆ ಅಡಗಿದ್ದ ಹಳೆಯ ಕಲ್ಲನ್ನು ಬೆಳಕಿಗೆ ತಂದು, ಆ ಮನೆಯ ಮಾತನ್ನು ವರುಷಗಟ್ಟಲೆ ಕೇಳುತ್ತ ಕುಳಿತ ಆಕೆ ಅರುವತ್ತು ದಾಟಿದ ಮೇಲೆ ಮಕ್ಕಳಿಗಾಗಿ ಒಂದು ಕಾದಂಬರಿಯನ್ನು ಬರೆದರು. ‘ದಿ ಚಿಲ್ಡ್ರನ್ ಆಫ್ ಗ್ರೀನ್ ನೋ’ ಎಂಬ ಆ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಚಿತ್ರಗಳನ್ನು ಬರೆದವರು ಆಕೆಯ ಮಗ.

ಅದರಲ್ಲಿ ಟಾಲಿ ಎಂಬ ಹುಡುಗ ಮುತ್ತಜ್ಜಿಯ ಮನೆಗೆ ಬರುತ್ತಾನೆ. ಹೊಳೆಗೆ ಪ್ರವಾಹ ಬಂದಿರುತ್ತದೆ. ಮನೆಯ ಬಾಗಿಲಿಗೆ ದೋಣಿಯಲ್ಲಿಯೇ ಹೋಗಬೇಕು. ಒಳಗೆ ಅವನಿಗೆ ಮಕ್ಕಳ ನಗು ಕೇಳುತ್ತದೆ. ಕಾಣಲು ಯಾರೂ ಇಲ್ಲ. ಮುನ್ನೂರು ವರ್ಷಗಳ ಹಿಂದೆ ಆ ಮನೆಯಲ್ಲಿ ಆಡಿ ಬೆಳೆದು, ಮಹಾಮಾರಿಯ ವರ್ಷದಲ್ಲಿ ತೀರಿಕೊಂಡ ಮೂವರು ಮಕ್ಕಳು ಅವರು. ಟಾಲಿ ಹೆದರಿ ಓಡುವುದಿಲ್ಲ. ಅವರ ಮರದ ಇಲಿಯೊಂದನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾನೆ. ಅವರು ತನಗೆ ಕಾಣಿಸಿಕೊಳ್ಳಲೆಂದು ಕಾಯುತ್ತಾನೆ. ಮುತ್ತಜ್ಜಿಗೆ ಆ ಮಕ್ಕಳು ಮೊದಲೇ ಗೊತ್ತು. ಆಕೆ ಅವರ ಮಾತನ್ನು ನೆರೆಮನೆಯವರ ಮಾತಿನಂತೆ ಆಡುತ್ತಾಳೆ. ನಮ್ಮ ದೊಡ್ಡಮ್ಮನ ಹಾಗೆಯೇ.

ಈ ಪುಸ್ತಕವನ್ನು ನಾನು ಓದಿದ್ದು ದೊಡ್ಡವಳಾದ ಮೇಲೆ. ಓದುತ್ತಿದ್ದಾಗ 1130 ಎಂಬ ಅಂಕೆ ನನ್ನನ್ನು ಹಿಡಿದು ನಿಲ್ಲಿಸಿತು. ಏಕೆಂದರೆ ಅದಕ್ಕಿಂತ ಹದಿನೈದಿಪ್ಪತ್ತು ವರ್ಷ ಹಳೆಯದಾದ ಮನೆಯೊಂದನ್ನು ನಾನು ಬಲ್ಲೆ. ಅದು ನಮ್ಮೂರಿನ ಪಕ್ಕದಲ್ಲಿಯೇ ಇದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿ.

ದೇವಾಲಯವನ್ನು ಮನೆಯೆನ್ನಬಹುದೆ ಎಂದು ಕೇಳಬೇಡಿ. ನಮ್ಮವರು ಅದನ್ನು ದೇವರ ಮನೆಯೆಂದೇ ತಿಳಿದವರು. ಇದಕ್ಕಾದರೂ ಮನೆ ಬದಲಾಯಿಸಿದ ಕಥೆಯೇ ಇದೆ. 1114ರ ಸುಮಾರಿಗೆ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಬೇಲೂರಿನ ಚೆನ್ನಕೇಶವ ಇನ್ನೂ ಪ್ರತಿಷ್ಠಿತನಾಗುವ ಮೊದಲು, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಈ ಊರನ್ನು ನೆಲೆಗೊಳಿಸಿ ಮಹಾಲಕ್ಷ್ಮಿಗೆ ಗುಡಿಯನ್ನು ಕಟ್ಟಿಸಿದರು. ಊರಿಗೆ ಅವರಿಟ್ಟ ಹೆಸರು ಅಭಿನವ ಕೊಲ್ಲಾಪುರ. ಹೊಸ ಕೊಲ್ಲಾಪುರವೆಂದು ಅರ್ಥ. ಕೊಲ್ಲಾಪುರದ ಮಹಾಲಕ್ಷ್ಮಿಯ ಪ್ರಸಿದ್ಧಿಯನ್ನು ಕೇಳದವರಿಲ್ಲ. ದೂರದ ಊರಿನ ದೇವತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಗದ್ದೆಯ ನಡುವೆ ಆಕೆಗೊಂದು ಸೂರನ್ನೆತ್ತಿ, ಊರಿಗೂ ಆ ಊರಿನ ಹೆಸರನ್ನೇ ಕೊಟ್ಟ ಆ ದಂಪತಿಗಳ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ದೂರದ ಊರಿನ ನೆನಪಿಲ್ಲದವರು ಹಾಗೆ ಹೆಸರಿಡುವುದಿಲ್ಲ.

ಗುಡಿಯ ರೂಪವನ್ನು ಮಾತಿನಲ್ಲಿ ಹೇಳುತ್ತೇನೆ. ನೀವು ಕಣ್ಣು ಮುಚ್ಚಿಕೊಂಡು ಬನ್ನಿ. ಪಕ್ಕದಲ್ಲಿ ಕೆರೆ. ಸುತ್ತ ಎತ್ತರದ ಕಲ್ಲಿನ ಗೋಡೆ. ಗೋಡೆಯ ಒಳಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಗುಡಿಗಳು. ನಡುವೆ ದೊಡ್ಡ ಗುಡಿ. ಬೇಲೂರು ಹಳೇಬೀಡುಗಳಲ್ಲಿ ನೀವು ಕಂಡ ಎತ್ತರದ ಜಗತಿ ಇದಕ್ಕಿಲ್ಲ. ಇದು ನೆಲಕ್ಕೆ ಅಂಟಿಕೊಂಡು, ನಮ್ಮ ನಿಮ್ಮ ಮನೆಯಂತೆಯೇ ನಿಂತಿದೆ. ಒಳಗೆ ಹೋದರೆ ಒಂದೇ ಅಂಗಣಕ್ಕೆ ತೆರೆದ ನಾಲ್ಕು ಗರ್ಭಗೃಹಗಳು. ನಾಲ್ಕಕ್ಕೂ ಬೇರೆ ಬೇರೆ ಶಿಖರ. ಮೂರು ಶಿಖರಗಳು ಮೆಟ್ಟಿಲುಮೆಟ್ಟಿಲಾಗಿ ಸರಳವಾಗಿ ಏರುತ್ತವೆ. ಒಂದು ಮಾತ್ರ ಕೆತ್ತನೆಯಿಂದ ತುಂಬಿದೆ. ಏಕೆ? ಮಕ್ಕಳು ಕೇಳಬೇಕಾದ ಮೊದಲ ಪ್ರಶ್ನೆ ಇದು. ನಾಲ್ಕರಲ್ಲಿ ಒಂದು ಲಕ್ಷ್ಮಿಯದು, ಒಂದು ಭೂತನಾಥನೆಂಬ ಶಿವನದು, ಒಂದು ಕಾಳಿಯದು. ಸಂಪತ್ತಿನ ದೇವಿಯೂ ಸ್ಮಶಾನದ ದೇವಿಯೂ ಒಂದೇ ತೊಟ್ಟಿಯ ಬೇರೆ ಬೇರೆ ಕೋಣೆಗಳ ಅಕ್ಕತಂಗಿಯರಂತೆ ಬಾಳುತ್ತಿದ್ದಾರೆ. ಇದು ಎರಡನೆಯ ಪ್ರಶ್ನೆ.

ಕಾಳಿಯ ಕೋಣೆಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಬೇತಾಳಗಳು. ಮನುಷ್ಯರಷ್ಟು ಎತ್ತರ, ಮೈಮೇಲೆ ಬಟ್ಟೆಯಿಲ್ಲ, ಮಾಂಸವೂ ಇಲ್ಲ. ಪಕ್ಕೆಲುಬುಗಳನ್ನು ಎಣಿಸಬಹುದು. ಹೊಟ್ಟೆ ಬೆನ್ನಿಗೆ ಅಂಟಿದೆ. ಕಣ್ಣು ಗುಳಿಯೊಳಗಿಂದ ಹೊರಕ್ಕೆ ಬಂದಂತಿದೆ. ಬೆಳಕು ಕಡಮೆಯಿರುವ ಆ ಅಂಗಣದಲ್ಲಿ ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಏನೂ ಕಾಣದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತ ಬಂದಂತೆ ಆ ಎರಡು ಮೂಳೆಯ ದೇಹಗಳು ಗೋಡೆಯಿಂದ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿರುವಂತೆ ತೋರುತ್ತದೆ. ಇಂಗ್ಲೆಂಡಿನ ಯಾವ ಹಳೆಯ ಮನೆಯಲ್ಲಿ ಮಕ್ಕಳಿಗೆ ಇಂತಹ ಸ್ವಾಗತ ಸಿಕ್ಕೀತು!

ಈ ಮನೆಗೂ ಒಬ್ಬ ಪತ್ತೇದಾರರು ಬಂದಿದ್ದರು. ಪತ್ತೇದಾರರೆಂದೊಡನೆ ನಿಮ್ಮಲ್ಲಿ ಹಿರಿಯರಿಗೆ ಎನ್. ನರಸಿಂಹಯ್ಯನವರ ಕಾದಂಬರಿಗಳು ನೆನಪಾಗಬಹುದು. ನಾನು ಹೇಳುತ್ತಿರುವುದು ಆರ್. ನರಸಿಂಹಾಚಾರ್ಯರನ್ನು. ‘ಕರ್ನಾಟಕ ಕವಿಚರಿತೆ’ಯನ್ನು ಬರೆದವರು, ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರು. ಅವರು 1919ರಲ್ಲಿ ಈ ಒಂದು ಗುಡಿಯನ್ನೇ ಕುರಿತು ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಸೋಮನಾಥಪುರ, ಬೇಲೂರುಗಳ ಸಾಲಿನಲ್ಲಿ ಈ ಹಳ್ಳಿಯ ಗುಡಿಗೆ ಸ್ಥಾನ ಕೊಟ್ಟರು. ಶಾಸನವನ್ನು ಓದಿ ಕಟ್ಟಿಸಿದವರು ಯಾರೆಂದು ತಿಳಿಯುವುದು, ಮಲ್ಲೋಜ ಮಾಣಿಯೋಜನೆಂಬ ರೂವಾರಿಯ ಹೆಸರನ್ನು ಕಲ್ಲಿನಿಂದ ಎತ್ತುವುದು, ಶಿಖರಕ್ಕೆ ಶಿಖರವನ್ನು ಹೋಲಿಸಿ ನೋಡುವುದು: ಇವೆಲ್ಲ ನಮ್ಮಣ್ಣನು ಬೂದಿ ಉದುರಿಸಿ ಹೆಜ್ಜೆ ನೋಡಿದ ಕೆಲಸದ ಹಿರಿಯ ರೂಪವಲ್ಲವೆ? ಶಾಸನಗಳನ್ನು ಓದುವವರನ್ನು ಮಕ್ಕಳ ಕಥೆಯ ನಾಯಕರನ್ನಾಗಿ ಮಾಡಿದವರು ನಮ್ಮಲ್ಲಿ ವಿರಳ. ಅದು ನನಗೆ ವ್ಯಥೆಯ ವಿಷಯ.

ಇನ್ನೊಂದು ವ್ಯಥೆಯನ್ನೂ ಹೇಳಿಬಿಡುತ್ತೇನೆ. 2020ರ ನವೆಂಬರಿನಲ್ಲಿ ಈ ಗುಡಿಯ ಕಾಳಿಯ ಮೂರ್ತಿ ಒಡೆದು ಬಿದ್ದಿದ್ದುದು ಕಂಡುಬಂತು. ಸುದ್ದಿ ಕೇಳಿದ ದಿನ ನಮ್ಮ ಮನೆಯ ದೇವರಕೋಣೆಯನ್ನೇ ಯಾರೋ ಬರಿದು ಮಾಡಿದಂತಾಯಿತು. ಒಂಬೈನೂರು ವರ್ಷ ಬಾಗಿಲು ಕಾದ ಆ ಇಬ್ಬರನ್ನು ನೆನೆದು ಅತ್ತೆ.

ಮತ್ತೊಮ್ಮೆ ಹಿಂದಿರುಗಿ ನೋಡೋಣ. ಅಟ್ಟದ ಮೇಲಿನ ಪ್ರಾಣಿಯನ್ನು ಕಂಡೆವು. ಇಂಗ್ಲೆಂಡಿನ ಮನೆಯನ್ನು ಕಂಡೆವು. ಅದಕ್ಕಿಂತ ಹಳೆಯದಾದ ದೊಡ್ಡಗದ್ದವಳ್ಳಿಯ ಮನೆಯನ್ನೂ ಕಂಡೆವು. ಮೂರರಲ್ಲಿಯೂ ರಹಸ್ಯವೆಂಬುದು ಹಿಂದಿನಿಂದ ಅಲ್ಲಿದ್ದವರ ಗುರುತು. ಇನ್ನು ಅಂತಹ ಗುರುತುಗಳು ನಮ್ಮ ಸಾಧಾರಣ ಮನೆಗಳಲ್ಲಿ ಎಲ್ಲೆಲ್ಲಿವೆ ಎಂಬುದನ್ನು ಹೇಳಬೇಕು. ಕಾದಂಬರಿ ಬರೆಯುವವರಿಗೆ ಬೇಕಾಗುವ ಸಾಮಗ್ರಿ ಇದೇ.

ಮೊದಲು ಹಗೇವು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ರಾಗಿಯ ಸೀಮೆಯ ಹಿರಿಯರು ಈ ಹೆಸರನ್ನು ಕೇಳಿದೊಡನೆ ತಲೆದೂಗುತ್ತಾರೆ. ಮನೆಯ ಮುಂದೆಯೋ ಊರ ಕಣದಲ್ಲಿಯೋ ನೆಲದಾಳಕ್ಕೆ ತೋಡಿದ ಗುಳಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಬರಗಾಲಕ್ಕೆ ಅದೇ ಗತಿ. ಮೇಲೆ ನಡೆದಾಡುವವನಿಗೆ ಕಾಲಡಿಯಲ್ಲಿ ಒಂದು ಕೋಣೆಯಿರುವುದು ಗೊತ್ತಾಗುವುದಿಲ್ಲ. ನಮ್ಮ ಮನೆಯ ಮುಂದಿನ ಹಗೇವನ್ನು ತೆರೆದ ದಿನ ಊರಿನ ಮಕ್ಕಳೆಲ್ಲ ಸೇರಿದ್ದೆವು. ಚಪ್ಪಡಿ ಸರಿಸಿದರು, ಆದರೆ ಯಾರೂ ಇಳಿಯಲಿಲ್ಲ. ಹಗ್ಗಕ್ಕೆ ಲಾಂದ್ರವನ್ನು ಕಟ್ಟಿ ಮೆಲ್ಲಗೆ ಇಳಿಬಿಟ್ಟರು. ಗಾಳಿಯಿಲ್ಲದ ಆ ಆಳದಲ್ಲಿ ದೀಪ ಒಮ್ಮೆ ಕುಗ್ಗಿ, ಒಮ್ಮೆ ನೀಲಿಯಾಗಿ, ನಂದಿಹೋಯಿತು. ಯಾರೋ ಊದಿದಂತೆ! ನಮ್ಮ ಎದೆ ನಿಂತಿತು. ಒಬ್ಬ ಹಿರಿಯರು ಶಾಂತವಾಗಿ, "ಇನ್ನೂ ಉಸಿರು ಬಿಟ್ಟಿಲ್ಲ, ನಾಳೆ ನೋಡೋಣ" ಎಂದರು. ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಗುಳಿಯಲ್ಲಿ ಪ್ರಾಣವಾಯು ತೀರಿ ಇಂಗಾಲದ ಭಾರವಾದ ವಾಯು ತಳದಲ್ಲಿ ನಿಲ್ಲುತ್ತದೆ. ಆತುರದಿಂದ ಇಳಿದವನು ಮೇಲೆ ಬಾರನು. ಕಥೆಗಾರನಿಗೆ ಇದಕ್ಕಿಂತ ಹೆಚ್ಚಿನ ಪ್ರಸಂಗ ಬೇಕೆ? ದೀಪ ನಂದಿದ್ದು ಭೂತದಿಂದಲ್ಲವೆಂದು ತಿಳಿಯಿತು. ಭಯಪಟ್ಟು ಹಿಂದೆ ಸರಿದದ್ದೂ ಸರಿಯೇ ಆಗಿತ್ತೆಂದೂ ತಿಳಿಯಿತು.

ಬಾವಿಯ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಪಾತಾಳಗರಡಿ ಎಂಬ ಹಲವು ಕೊಕ್ಕೆಗಳ ಕಬ್ಬಿಣದ ಸಾಧನವಿತ್ತು. ಅದನ್ನು ಇಳಿಬಿಟ್ಟಾಗ ಹುಡುಕಿದ ಕೊಡದ ಜೊತೆಗೆ, ಯಾರೂ ಹುಡುಕದ ವಸ್ತುಗಳೂ ಮೇಲೆ ಬರುವುದುಂಟು. ನಮ್ಮ ಬಾವಿಯಿಂದ ಒಮ್ಮೆ ಒಂದು ಹಿತ್ತಾಳೆಯ ಗಿಂಡಿ ಬಂತು. ಅದು ಯಾವ ಮಗುವಿನ ಕೈ ಜಾರಿತೋ, ಆ ಮಗು ಎಷ್ಟು ಬೈಸಿಕೊಂಡಿತೋ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಜಗಲಿಯ ಹತ್ತಿರ. ಆ ಮನೆಯ ಜಗಲಿಯ ಚಪ್ಪಡಿಯ ಮೇಲೆ ಒಂದು ಹುಲಿಕುರಿಯ ಮನೆ ಕೆತ್ತಿತ್ತು. ಗೆರೆಗಳು ಸೊಟ್ಟ. ಒಂದು ಗೆರೆಯನ್ನು ತಪ್ಪಾಗಿ ಎಳೆದು, ಅಳಿಸಲಾಗದೆ, ಪಕ್ಕದಲ್ಲಿ ಇನ್ನೊಂದನ್ನು ಎಳೆದಿದ್ದರು. ದೊಡ್ಡವರ ಕೈಯ ಕೆಲಸ ಅದಲ್ಲವೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಬೆಣಚುಕಲ್ಲಿನ ಚೂರನ್ನು ಹಿಡಿದು ದಿನಗಟ್ಟಲೆ ಉಜ್ಜಿದ ಯಾವನೋ ಹುಡುಗ, ಯಾವಳೋ ಹುಡುಗಿ. ನಾನು ದೊಡ್ಡಮ್ಮನನ್ನು ಕೇಳಿದೆ. ಅವರು ಮದುವೆಯಾಗಿ ಆ ಊರಿಗೆ ಬಂದಾಗಲೇ ಅದು ಅಲ್ಲಿತ್ತಂತೆ. ಅಂದರೆ ಅದನ್ನು ಕೆತ್ತಿದ ಮಗು ನನ್ನ ಅಜ್ಜಿಗಿಂತ ಹಿರಿಯದು. ಆದರೂ ನನಗೆ ಅದು ಒಂಬತ್ತು ವರ್ಷದ ಮಗುವೇ. ಹುಣಿಸೆಯ ಬೀಜವನ್ನು ಕುರಿ ಮಾಡಿ, ಹೆಂಚಿನ ಚೂರನ್ನು ಹುಲಿ ಮಾಡಿ ನಾನೂ ಅಣ್ಣನೂ ಆ ಗೆರೆಗಳ ಮೇಲೆ ಆಡಿದೆವು. ತಪ್ಪಾದ ಗೆರೆಯನ್ನು ಬಿಟ್ಟು ಸರಿಯಾದ ಗೆರೆಯ ಮೇಲೆ ನಡೆಸುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಟಾಲಿಯ ಮರದ ಇಲಿಗೆ ನಾನು ಸಮನಾಗಿ ಇಡಬಲ್ಲ ವಸ್ತು ಇದು.

ಹಗೇವು, ಬಾವಿ, ಜಗಲಿ ಆಯಿತು. ಇನ್ನು ಬರೆಯುವವರಲ್ಲಿ ನನ್ನ ಒಂದೆರಡು ಮಾತು.

ಕನ್ನಡದಲ್ಲಿ ಮಕ್ಕಳ ಕಾದಂಬರಿ ಬೆಳೆಯುತ್ತಿದೆ. ನಾ. ಡಿಸೋಜಾ ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಆ ಹೆಸರನ್ನೇ ನೋಡಿ. ಮುಳುಗಿದ ಊರು, ಅಲ್ಲಿಗೆ ಬಂದವರು. ಶರಾವತಿಯ ನೀರು ಎಷ್ಟು ಮನೆಗಳನ್ನು ನುಂಗಿತೆಂಬುದನ್ನು ಅದೇ ಯೋಜನೆಯಲ್ಲಿ ಕೆಲಸ ಮಾಡುತ್ತ ಕಂಡ ಲೇಖಕರು ಅವರು. ನಮ್ಮ ಜಿಲ್ಲೆಯಲ್ಲಿಯೂ ಅಂತಹ ನೀರಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರೊಳಗೆ ನಿಲ್ಲುತ್ತದೆ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಮರೆಯಾಗಿ ಮರಳಿ ಬರುವ ಮನೆ! ಅದರ ಎದುರಿಗೆ ಬೆಳೆಯುತ್ತಿರುವ ಮಕ್ಕಳು ಇಂದಿಗೂ ಇದ್ದಾರೆ.

ಹೀಗಿರುವಾಗ ನಮ್ಮ ರಹಸ್ಯಕಥೆಗಳಲ್ಲಿ ಅಗ್ಗಿಷ್ಟಿಕೆಯ ಹಿಂದಿನ ಗುಪ್ತದ್ವಾರ, ನೆಲಮಾಳಿಗೆಯ ಕಳ್ಳಸಾಗಣೆಗಾರರು, ಬೆಟ್ಟದ ಮೇಲಿನ ಬಂಗಲೆ ಇವು ಮತ್ತೆ ಮತ್ತೆ ಬರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ಮಕ್ಕಳು ಅಗ್ಗಿಷ್ಟಿಕೆಯನ್ನು ಕಂಡದ್ದು ಸಿನಿಮಾದಲ್ಲಿ. ಅಟ್ಟವನ್ನು ಕಂಡದ್ದು ಅಜ್ಜಿಯ ಮನೆಯಲ್ಲಿ. ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಕಥೆಯ ಕೊನೆಗೆ ಅಪರಾಧಿಯೆಂದು ಸಿಕ್ಕಿಬೀಳುವವನು ಬಹುಮಟ್ಟಿಗೆ ಕುಂಟನೋ, ಕಪ್ಪುಮೈಯವನೋ, ಊರ ಹೊರಗೆ ಗುಡಿಸಲು ಹಾಕಿಕೊಂಡ ಅಲೆಮಾರಿಯೋ ಆಗಿರುತ್ತಾನೆ. ಹೊಸದಾಗಿ ಊರಿಗೆ ಬಂದ ಮಗು ತಾನೂ ಪರಕೀಯ. ಆ ಮಗುವಿನ ಕೈಯಿಂದಲೇ ಇನ್ನೊಬ್ಬ ಪರಕೀಯನನ್ನು ಹಿಡಿಸಿಕೊಡುವುದು ಕಥೆಗೆ ದ್ರೋಹ ಮಾಡಿದಂತೆ, ಮಗುವಿಗೂ ದ್ರೋಹ.

ಭೂತವಿರಬಾರದೆಂದು ನಾನು ಹೇಳುತ್ತಿಲ್ಲ. ಇರಲಿ. ಭೂತವೆಂಬ ಮಾತಿಗೆ ನಮ್ಮಲ್ಲಿ ಆಗಿಹೋದದ್ದೆಂಬ ಅರ್ಥವೂ ಉಂಟು. ಸುಳಿವುಗಳು ಮಾತ್ರ ಮಗುವಿನ ಕೈಗೆ ಎಟಕುವಂತಿರಲಿ. ಬೂದಿ, ಹಿಕ್ಕೆ, ಅನ್ನದ ವಾಸನೆ ಇವನ್ನೆಲ್ಲ ಮೊದಲೇ ಮುಂದಿಟ್ಟು, ಓದುವ ಮಗು ಪುಸ್ತಕದ ಮಗುವಿಗಿಂತ ಒಂದು ಪುಟ ಮುಂಚೆ ‘ನನಗೆ ಗೊತ್ತಾಯಿತು!’ ಎಂದು ಎದ್ದು ಕೂರುವಂತೆ ಬರೆಯಬೇಕು. ಆ ಕ್ಷಣದ ಹಿಗ್ಗನ್ನು ನಾನು ಬಲ್ಲೆ.

ನನ್ನ ಕಾಲ ಮುಗಿಯುತ್ತ ಬಂತು. ಬೇತಾಳಗಳ ಬಳಿಗೆ ಇನ್ನೊಮ್ಮೆ ಹೋಗಿ ಮಾತು ನಿಲ್ಲಿಸುತ್ತೇನೆ.

ನಾವು ಆ ಊರಿಗೆ ಬಂದ ವರ್ಷವೇ ತಂದೆ ನಮ್ಮನ್ನು ದೊಡ್ಡಗದ್ದವಳ್ಳಿಗೆ ನಡೆಸಿಕೊಂಡು ಹೋದರು. ನನ್ನ ತಂಗಿಗೆ ಆಗ ಐದು ವರ್ಷ. ಕಾಳಿಯ ಗುಡಿಯ ಮುಂದೆ ಬಂದಾಗ ಅವಳು ಹೆದರಿಯಾಳೆಂದು ತಾಯಿ ಸೆರಗಿನಿಂದ ಅವಳ ಕಣ್ಣು ಮುಚ್ಚಿದರು. ಅವಳು ಸೆರಗನ್ನು ಸರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಂದೆಯ ಪಂಚೆಯನ್ನು ಜಗ್ಗಿ ಕೇಳಿದಳು: "ಅಪ್ಪ, ಇವರಿಗೆ ಯಾರೂ ಊಟ ಹಾಕಲ್ವಾ?"

ತಂದೆಗೆ ಉತ್ತರ ತೋಚಲಿಲ್ಲ. ಅವಳ ಲಂಗದ ಮಡಿಲಲ್ಲಿ ಕಡಲೆಪುರಿಯಿತ್ತು. ಎರಡು ಹಿಡಿ ತೆಗೆದು, ಒಂದು ಹಿಡಿಯನ್ನು ಈ ಬೇತಾಳದ ಕಾಲಬಳಿ, ಒಂದು ಹಿಡಿಯನ್ನು ಆ ಬೇತಾಳದ ಕಾಲಬಳಿ ಇಟ್ಟಳು. ನಾವು ಪ್ರಾಕಾರವನ್ನು ಸುತ್ತಿ, ಕೆರೆಯ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡು, ಹೊರಡುವ ಮೊದಲು ಮತ್ತೊಮ್ಮೆ ಒಳಗೆ ಹೋದೆವು. ಒಂದು ಕಡೆಯ ಪುರಿ ಇಟ್ಟಲ್ಲಿಯೇ ಇತ್ತು. ಇನ್ನೊಂದು ಕಡೆಯದರಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅಳಿಲಿರಬಹುದೆಂದು ಅಣ್ಣನೆಂದ. ತಂಗಿ ಏನೂ ಹೇಳಲಿಲ್ಲ. ಎರಡು ಮೈಲಿ ದಾರಿಯುದ್ದಕ್ಕೂ ಅವಳು ಹಿಂತಿರುಗಿ ಗುಡಿಯ ಶಿಖರವನ್ನು ನೋಡುತ್ತ ನಡೆದಳು. ಮನೆ ಮುಟ್ಟಿದ ಮೇಲೆ ಜಗಲಿಯ ಮೇಲೆ ಕುಳಿತು ನನ್ನನ್ನು ಹತ್ತಿರ ಕರೆದು, ಇನ್ನೊಬ್ಬರಿಗೆ ಹಸಿವಿರಲಿಲ್ಲವೋ ನಾಚಿಕೆಯೋ ಎಂದು ಪಿಸುಮಾತಿನಲ್ಲಿ ಕೇಳಿದಳು.